ಮರೆಗುಳಿ ಕಾಯಿಲೆಯ ಅಪಾಯ ತಗ್ಗಿಸುವುದು ಹೇಗೆ? ಮಂಡ್ಯ ಸೀಮೆಯವರಿಗೆ ಹಂತ ಹಂತವಾಗಿ

ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ಸಂತೆಗೆ ಹೋದ ತಾತ ಮನೆಯ ದಾರಿ ತಪ್ಪಿದರೆ, ‘ವಯಸ್ಸಾಯ್ತಲ್ಲ, ಅರಳುಮರಳು’ ಅಂತ ನಮ್ಮ ಕಡೆ ಸುಮ್ಮನಾಗಿಬಿಡುತ್ತಾರೆ. ಆದರೆ ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ, ಮೆದುಳಿನ ರೋಗ. ಎಂಬತ್ತು ದಾಟಿದರೂ ಲೆಕ್ಕಪತ್ರ ಬಾಯಲ್ಲೇ ಹೇಳುವ ಹಿರಿಯರು ಪ್ರತಿ ಊರಲ್ಲೂ ಇದ್ದಾರಲ್ಲ? ವಯಸ್ಸೊಂದೇ ಕಾರಣವಾಗಿದ್ದರೆ ಅವರೆಲ್ಲ ಹಾಗಿರುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ, ಅಂದರೆ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ, ಈ ಕಾಯಿಲೆ ಇದೆ ಎಂಬ ಅಂದಾಜಿದೆ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಸುಮಾರು ಶೇಕಡಾ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿತು. ಉಳಿದದ್ದು ವಯಸ್ಸು, ವಂಶ, ನಮ್ಮ ಕೈಮೀರಿದ ಸಂಗತಿಗಳು. ಆದ್ದರಿಂದ ಕೆಳಗಿನದ್ದೆಲ್ಲ ಮಾಡಿದರೂ ಕಾಯಿಲೆ ಬರುವುದೇ ಇಲ್ಲ ಅಂತ ಯಾರೂ ಮಾತು ಕೊಡಲಾರರು. ಮನೆಯಲ್ಲಿ ಈಗಾಗಲೇ ಯಾರಿಗಾದರೂ ಬಂದಿದ್ದರೆ ಅದು ಅವರ ತಪ್ಪೂ ಅಲ್ಲ, ನೋಡಿಕೊಳ್ಳುವ ನಿಮ್ಮ ತಪ್ಪೂ ಅಲ್ಲ.

ಇನ್ನೊಂದು ಮಾತು. ಮರೆವು ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನೊಳಗೆ ಹಾನಿ ಶುರುವಾಗಿರುತ್ತದೆ. ಹಾಗಾಗಿ ‘ಅಪ್ಪನಿಗೆ ಓದಿ ಹೇಳೋಣ’ ಅಂತ ಇದನ್ನು ಕೈಗೆತ್ತಿಕೊಂಡ ನಲವತ್ತೈದರ ಮಗನೇ, ಮಗಳೇ, ಇದು ಮೊದಲು ನಿಮಗೆ. ಭಯಪಡಬೇಡಿ. ಇಲ್ಲಿ ದುಬಾರಿಯಾದದ್ದು ಹೆಚ್ಚೇನೂ ಇಲ್ಲ. ಎಲ್ಲವನ್ನೂ ಒಂದೇ ವಾರ ಶುರು ಮಾಡಲು ಹೋಗಬೇಡಿ, ಒಂದು ಹಂತ ರೂಢಿಯಾದ ಮೇಲೆ ಮುಂದಿನದು.

ಹಂತ 1: ಒಂದು ನೋಟ್‌ಬುಕ್ ಇಡಿ

ಮಕ್ಕಳ ಹಳೆಯ ನೋಟ್‌ಬುಕ್ ಆದರೂ ಸಾಕು. ಮನೆಯಲ್ಲಿ ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದೊಂದು ಪುಟ. ಮೇಲೆ ಹೆಸರು, ವಯಸ್ಸು. ಕೆಳಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕಿವಿ, ಕಣ್ಣು ಅಂತ ಬರೆದು ಪಕ್ಕದಲ್ಲಿ ಜಾಗ ಬಿಡಿ. ದಿನಾಂಕ ಹಾಕದೆ ಯಾವುದನ್ನೂ ಬರೆಯಬೇಡಿ. ಆಸ್ಪತ್ರೆ ಚೀಟಿಗಳನ್ನೂ ಇದರೊಳಗೇ ಇಡಿ. ಅವು ದೇವರ ಫೋಟೊ ಹಿಂದೆ ಸೇರಿಕೊಂಡರೆ ಬೇಕಾದಾಗ ಸಿಗುವುದಿಲ್ಲ.

ಹಂತ 2: ಬಿಪಿ ನೋಡಿಸಿ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಿಪಿ, ಸಕ್ಕರೆ ಎರಡನ್ನೂ ಅಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಎಲ್ಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೋಗುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ತೋಳು ಎದೆಯ ಮಟ್ಟಕ್ಕೆ ಇರಲಿ. ಮಾತಾಡಬೇಡಿ. ಎರಡು ಸಲ ನೋಡಲು ಹೇಳಿ, ಎರಡನ್ನೂ ಬರೆದುಕೊಳ್ಳಿ. 140/90 ಅಥವಾ ಅದಕ್ಕಿಂತ ಮೇಲೆ ಮತ್ತೆ ಮತ್ತೆ ಬಂದರೆ ಡಾಕ್ಟರ್ ಹತ್ತಿರ ಮಾತಾಡಲೇಬೇಕು. ನಲವತ್ತರಿಂದಲೇ ಮೇಲಿನ ಸಂಖ್ಯೆ 130 ಅಥವಾ ಅದಕ್ಕಿಂತ ಕೆಳಗಿದ್ದರೆ ಮೆದುಳಿಗೆ ಒಳ್ಳೆಯದು ಎನ್ನುತ್ತದೆ ಲ್ಯಾನ್ಸೆಟ್ ಆಯೋಗ. ನಿಮಗೆ ಎಷ್ಟು ಸರಿ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಲಿ.

ಬಿಪಿಗೂ ಮರೆವಿಗೂ ಏನು ಸಂಬಂಧ? ವಿಶ್ವೇಶ್ವರಯ್ಯ ನಾಲೆಯನ್ನು ನೆನೆಸಿಕೊಳ್ಳಿ. ಒತ್ತಡ ಹೆಚ್ಚಾದರೆ ಏರಿ ಒಡೆಯುತ್ತದೆ, ಹೂಳು ತುಂಬಿದರೆ ಮದ್ದೂರು, ಮಳವಳ್ಳಿಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಮೆದುಳಿನ ಸಣ್ಣ ರಕ್ತನಾಳಗಳಲ್ಲೂ ಇದೇ ಆಗುತ್ತದೆ. ರಕ್ತ ಮುಟ್ಟದ ಜಾಗ ಸದ್ದಿಲ್ಲದೆ ಒಣಗುತ್ತದೆ, ನೋವೂ ಕಾಣುವುದಿಲ್ಲ.

ಚೀನಾದ 326 ಹಳ್ಳಿಗಳಲ್ಲಿ ಬಿಪಿ ಇದ್ದ ಸುಮಾರು 34 ಸಾವಿರ ಜನರ ಮೇಲೆ ನಾಲ್ಕು ವರ್ಷ ನಡೆದ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಬಿಪಿಯನ್ನು ಬಿಗಿಯಾಗಿ ನೋಡಿಕೊಂಡ ಊರುಗಳಲ್ಲಿ ಡಿಮೆನ್ಷಿಯಾ ಶೇಕಡಾ 15ರಷ್ಟು ಕಡಿಮೆಯಾಗಿತ್ತು. ದೊಡ್ಡ ಆಸ್ಪತ್ರೆ ಇಲ್ಲದೆಯೇ ಇದು ಆಗಿದೆ. ನಮ್ಮ ಹಳ್ಳಿಗಳಲ್ಲೂ ಆಗಬಹುದು ಅನ್ನುವ ನಂಬಿಕೆ ನನಗಿದೆ.

ಎಚ್ಚರ: ‘ಈಗ ಬಿಪಿ ಸರಿ ಇದೆ’ ಅಂತ ಮಾತ್ರೆ ನಿಲ್ಲಿಸುವವರು ಬಹಳ. ಸರಿ ಇರುವುದು ಮಾತ್ರೆಯಿಂದಲೇ. ಡಾಕ್ಟರ್ ಹೇಳದೆ ನಿಲ್ಲಿಸಬೇಡಿ, ಪಕ್ಕದ ಮನೆಯವರ ಮಾತ್ರೆಯನ್ನೂ ನುಂಗಬೇಡಿ.

ಹಂತ 3: ಒಂದು ರಕ್ತ ಪರೀಕ್ಷೆ ಮಾಡಿಸಿ

ಲ್ಯಾಬಿನಲ್ಲಿ ಎರಡು ಹೆಸರು ಹೇಳಿ: ಎಚ್‌ಬಿಎ1ಸಿ ಮತ್ತು ಲಿಪಿಡ್ ಪ್ರೊಫೈಲ್. ಮೊದಲನೆಯದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಅದು 6.5 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ ಎಂದು ಅರ್ಥ, ಡಾಕ್ಟರ್ ಮತ್ತೊಮ್ಮೆ ನೋಡಿ ಖಚಿತ ಮಾಡುತ್ತಾರೆ. ಎರಡನೆಯದರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಎಷ್ಟಿದೆ ನೋಡಿ. ಎಲ್‌ಡಿಎಲ್ 2024ರಲ್ಲಿ ಹೊಸದಾಗಿ ಲ್ಯಾನ್ಸೆಟ್ ಪಟ್ಟಿಗೆ ಸೇರಿತು, ಸೇರಿದ ಕೂಡಲೇ ಮೊದಲ ಸಾಲಿಗೆ ಬಂತು. ವರದಿಯನ್ನು ನೋಟ್‌ಬುಕ್‌ಗೆ ಬರೆದು ಡಾಕ್ಟರಿಗೆ ತೋರಿಸಿ. ಮೊಬೈಲಿನಲ್ಲಿ ನೋಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಹಂತ 4: ಕಿವಿ ಪರೀಕ್ಷೆ ಮಾಡಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಲ್ಯಾನ್ಸೆಟ್‌ನ ಆ 14 ಕಾರಣಗಳಲ್ಲಿ ಕೊಲೆಸ್ಟ್ರಾಲ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿರುವುದು ಕಿವುಡು. ಆದರೂ ನಮ್ಮ ಮನೆಗಳಲ್ಲಿ ಯಾರೂ ಗಮನ ಕೊಡದ ವಿಷಯ ಇದೇ. ಜ್ಞಾಪಕಶಕ್ತಿಯ ಟಾನಿಕ್‌ಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ, ಕಿವಿ ಕೇಳಿಸದ ಅವ್ವನನ್ನು ಮೂಲೆಯಲ್ಲಿ ಕೂರಿಸಿ ‘ಅವಳಿಗೆ ಏನು ಹೇಳಿದರೂ ಅಷ್ಟೇ’ ಅನ್ನುತ್ತೇವೆ. ನನಗೆ ತೀರಾ ಸಂಕಟವಾಗುವುದು ಇದರಿಂದ. ಮಾತು ಕೇಳಿಸದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರು ಜನರನ್ನು ಬಿಡುತ್ತಾರೆ, ಮೆದುಳಿಗೆ ಕೆಲಸ ಕಮ್ಮಿಯಾಗುತ್ತದೆ.

ಮನೆಯಲ್ಲೇ ಮೊದಲ ಪರೀಕ್ಷೆ ಹೀಗೆ ಮಾಡಿ. ಟಿವಿ ಆರಿಸಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ಒಂದು ತೋಳಿನಷ್ಟು ದೂರ ನಿಲ್ಲಿ. ಅವರು ಒಂದು ಕಿವಿಯನ್ನು ಬೆರಳಿಂದ ಮುಚ್ಚಿಕೊಳ್ಳಲಿ. ನೀವು ಪಿಸುಮಾತಿನಲ್ಲಿ ಮೂರು ಪದ ಹೇಳಿ: ‘ರಾಗಿ, ಏಳು, ಗಡಿಗೆ’ ಅಂತ ಏನಾದರೂ. ಅದನ್ನೇ ಅವರು ತಿರುಗಿ ಹೇಳಬೇಕು. ಬೇರೆ ಪದ ಹಿಡಿದು ಇನ್ನೊಂದು ಕಿವಿಗೂ ಹಾಗೇ ಮಾಡಿ. ಯಾವುದಾದರೂ ಒಂದು ಕಿವಿಯಲ್ಲಿ ತಡವರಿಸಿದರೂ ಆಸ್ಪತ್ರೆಯ ಪರೀಕ್ಷೆ ಬೇಕು.

ಮಂಡ್ಯದ ಮಿಮ್ಸ್ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋಗಬಹುದು. ನಮಗೊಂದು ಭಾಗ್ಯವೂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನ ‘ಆಯಿಷ್’ ಅನ್ನುತ್ತಾರಲ್ಲ ಅದು, ದೇಶಕ್ಕೇ ಹೆಸರಾದ ಜಾಗ. ಬೆಳಿಗ್ಗೆ ರೈಲು ಹತ್ತಿದರೆ ಮುಗಿಯಿತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನ, ಕನ್ನಡಕ, ಊರುಗೋಲು ಉಚಿತವಾಗಿ ಕೊಡುವ ಅವಕಾಶವಿದೆ. ನಿಮ್ಮ ತಾಲ್ಲೂಕಿನಲ್ಲಿ ಶಿಬಿರ ಯಾವಾಗ ಅಂತ ವಿಚಾರಿಸಿ. ಆಧಾರ್, ರೇಷನ್ ಕಾರ್ಡು ಚೀಲದಲ್ಲಿರಲಿ.

ಕಿವಿಯ ಮೆಷಿನ್ ಬಂದ ಮೇಲೆ ಬಹಳ ಜನ ಸೋಲುವುದು ಮೊದಲ ವಾರದಲ್ಲೇ. ಪಾತ್ರೆ ಸದ್ದು, ಫ್ಯಾನಿನ ಸದ್ದು ಎಲ್ಲ ಒಟ್ಟಿಗೆ ನುಗ್ಗಿ ‘ಇದು ಬೇಡಪ್ಪ’ ಅಂತ ಬೀರುವಿಗೆ ಸೇರಿಸುತ್ತಾರೆ. ಭಯಪಡಬೇಡಿ, ಹಾಗನ್ನಿಸುವುದು ಸಹಜ. ಮೊದಲು ಮನೆಯೊಳಗೆ, ಒಬ್ಬರೇ ಮಾತಾಡುವಾಗ, ದಿನಕ್ಕೆ ಒಂದು ಗಂಟೆ ಹಾಕಿಕೊಳ್ಳಿ. ಆಮೇಲೆ ಎರಡು ಗಂಟೆ. ಮದುವೆ ಮನೆ, ಬಸ್‌ಸ್ಟ್ಯಾಂಡ್ ಕೊನೆಗಿರಲಿ. ಸದ್ದು ಸರಿಹೊಂದದಿದ್ದರೆ ಕೊಟ್ಟ ಕಡೆಗೇ ಮತ್ತೆ ಹೋಗಿ ಸರಿಮಾಡಿಸಿ. ಮನೆಯವರ ಕೆಲಸವೂ ಇದೆ: ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ಕಿರುಚಬೇಡಿ.

ಅಮೆರಿಕದಲ್ಲಿ ಎಪ್ಪತ್ತು ದಾಟಿದವರ ಮೇಲೆ ಮೂರು ವರ್ಷ ನಡೆದ ಅಧ್ಯಯನ 2023ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ಮೆಷಿನ್‌ನಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯ, ಸಕ್ಕರೆ ಮುಂತಾದ ತೊಂದರೆಗಳಿಂದ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ನೆನಪು, ಯೋಚನಾಶಕ್ತಿ ಕುಗ್ಗುವ ವೇಗ ಸುಮಾರು ಅರ್ಧದಷ್ಟು ಇಳಿದಿತ್ತು.

ಎಚ್ಚರ: ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ, ಪಿನ್ನು, ಬೆಂಕಿಕಡ್ಡಿ ಹಾಕಬೇಡಿ. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ಡಾಕ್ಟರ್ ತೆಗೆದರೆ ಕೇಳಿಸುತ್ತದೆ.

ಹಂತ 5: ಕಣ್ಣು ತೋರಿಸಿ

ಕಿವಿಯಂತೆ ಕಣ್ಣು ಮಂದವಾದರೂ ಮೆದುಳಿಗೆ ಕೆಲಸ ಕಮ್ಮಿ. ಪೊರೆ ಬಂದಿದ್ದರೆ ಆಪರೇಷನ್ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ, ಶಿಬಿರಗಳಲ್ಲಿ ಉಚಿತ. ‘ಇನ್ನೂ ಬಲೀಲಿ’ ಅಂತ ವರ್ಷಗಟ್ಟಲೆ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗವನ್ನೂ ನೋಡಿಸಿ.

ಹಂತ 6: ಉಪ್ಪಿನ ಪ್ಯಾಕೆಟ್ ಮೇಲೆ ದಿನಾಂಕ ಬರೆಯಿರಿ

ಬಿಪಿ ಹತೋಟಿಗೆ ಬರಲು ಉಪ್ಪು ಇಳಿಯಬೇಕು. ಒಬ್ಬರಿಗೆ ದಿನಕ್ಕೆ ಐದು ಗ್ರಾಂಗಿಂತ ಕಮ್ಮಿ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ಲೆಕ್ಕ ಸುಲಭ: ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಪೆನ್ನಿನಲ್ಲಿ ದಿನಾಂಕ ಹಾಕಿ. ಇಪ್ಪತ್ತೈದು ದಿನಕ್ಕೇ ಖಾಲಿಯಾದರೆ ನೀವು ಎರಡರಷ್ಟು ತಿನ್ನುತ್ತಿದ್ದೀರಿ. ಉಪ್ಪಿನಕಾಯಿ, ಹಪ್ಪಳ, ಅಂಗಡಿ ಮಿಕ್ಸ್ಚರ್‌ನ ಉಪ್ಪು ಇದಕ್ಕಿಂತ ಬೇರೆ. ನಮ್ಮ ಉಪ್ಸಾರಿನ ಖಾರಕ್ಕೆ ಉಪ್ಪನ್ನು ಒಮ್ಮೆಲೇ ಅರ್ಧ ಮಾಡಿದರೆ ಮನೆಯವರೆಲ್ಲ ಜಗಳಕ್ಕೆ ಬರುತ್ತಾರೆ. ವಾರಕ್ಕೊಂದು ಚಿಟಿಕೆ ಇಳಿಸುತ್ತ ಹೋಗಿ, ಹುಣಸೆ, ಬೆಳ್ಳುಳ್ಳಿ, ಜೀರಿಗೆ ತುಸು ಹೆಚ್ಚಿಸಿ. ನಾಲಿಗೆ ತಾನಾಗಿ ಒಗ್ಗುತ್ತದೆ.

ಹಂತ 7: ತಟ್ಟೆಯಲ್ಲಿ ಸೊಪ್ಪು, ಕಾಳು ಹೆಚ್ಚಿಸಿ

ಮೆದುಳಿಗೆ ಒಳ್ಳೆಯ ಊಟ ಅಂದರೆ ವಿದೇಶದ ಹಣ್ಣು, ಎಣ್ಣೆ ಅಂತ ಅಂದುಕೊಳ್ಳಬೇಡಿ. ಬೆರಕೆ ಸೊಪ್ಪಿನ ಬಸ್ಸಾರು, ಹುರುಳಿಕಾಳು ಸಾರು, ಅವರೆಕಾಳು, ನುಗ್ಗೆಸೊಪ್ಪಿನ ಪಲ್ಯ, ಕಡ್ಲೆಕಾಯಿ, ಸೀಬೆಹಣ್ಣು, ಎಲ್ಲ ನಮ್ಮ ಹೊಲ, ಸಂತೆಯಲ್ಲೇ ಇವೆ. ರಾಗಿ ಮುದ್ದೆ ಒಳ್ಳೆಯದೇ. ಆದರೆ ಗದ್ದೆಗೆ ಇಳಿಯುತ್ತಿದ್ದ ಕಾಲದ ಗಾತ್ರದ ಮುದ್ದೆಯನ್ನು ಅಂಗಡಿಯಲ್ಲಿ ಕೂರುವವರು ಈಗಲೂ ಉಣ್ಣುತ್ತಿದ್ದರೆ ಸಕ್ಕರೆ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಪಲ್ಯ ದೊಡ್ಡದಾಗಲಿ. ಮುದ್ದೆಯ ಮೇಲೆ ಅನ್ನ ಎರಡನೇ ಸಲ ಬೇಡ.

ಬೆಲ್ಲದ ವಿಷಯವನ್ನು ಬಿಡಿಸಿ ಹೇಳಲೇಬೇಕು. 1930ರ ದಶಕದಿಂದ ಸಕ್ಕರೆ ಕಾರ್ಖಾನೆ ನೋಡಿದ, ಆಲೆಮನೆಯ ಅಚ್ಚುಬೆಲ್ಲದ ಮೇಲೆ ಅಭಿಮಾನ ಇಟ್ಟುಕೊಂಡ ಜಿಲ್ಲೆ ನಮ್ಮದು. ‘ಸಕ್ಕರೆ ಬಿಟ್ಟಿದ್ದೀನಿ, ಕಾಫಿಗೆ ಬೆಲ್ಲ ಹಾಕ್ಕೊತೀನಿ’ ಅನ್ನುವವರು ಮನೆಗೊಬ್ಬರು. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ. ರಕ್ತದಲ್ಲಿ ಅದೂ ಏರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಕಬ್ಬಿನ ಹಾಲೂ ಬೇಡ. ಮದ್ದೂರು ವಡೆ ಬಿಡಿ ಅನ್ನುವಷ್ಟು ಕಠಿಣ ಮನಸ್ಸು ನನಗಿಲ್ಲ. ರೈಲಿನಲ್ಲಿ ಹೋಗುವಾಗ ಒಂದು ತಿನ್ನಿ, ದಿನಾ ಸಂಜೆ ಎಣ್ಣೆ ತಿಂಡಿ ಬೇಡ.

ಎಚ್ಚರ: ಒಂದೆಲಗದ ಚಟ್ನಿ ಧಾರಾಳವಾಗಿ ಮಾಡಿ. ಆದರೆ ಡಿಮೆನ್ಷಿಯಾ ಬರದಂತೆ ತಡೆಯುತ್ತದೆ ಎಂದು ಸಾಬೀತಾದ ಪುಡಿ, ಟಾನಿಕ್, ಮಾತ್ರೆ ಯಾವುದೂ ಇಲ್ಲ. ಹಾಗೆ ಮಾರುವವರಿಗೆ ದುಡ್ಡು ಕೊಡಬೇಡಿ.

ಹಂತ 8: ದಿನಾ ಅರ್ಧ ಗಂಟೆ ನಡೆಯಿರಿ

ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ವೇಗ ಎಷ್ಟಿರಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಆಗದಿದ್ದರೆ ಹತ್ತು ನಿಮಿಷದಿಂದ ಶುರು ಮಾಡಿ.

ಹೊಸ ಶೂ ತಂದ ಮೇಲೆ ಅಂತ ಕಾಯಬೇಡಿ. ಡೈರಿಗೆ ಹಾಲು ಹಾಕಲು ಬೈಕು ಬಿಟ್ಟು ಕ್ಯಾನ್ ಹಿಡಿದು ನಡೆದುಹೋಗಿ. ಬೆಳಿಗ್ಗೆ ಸಂಜೆ ಎರಡು ಸಲ ನಡಿಗೆಯೂ ಆಯಿತು, ಊರಿನವರ ಮುಖ ನೋಡಿದ್ದೂ ಆಯಿತು. ಮಂಡ್ಯದವರಿಗೆ ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ, ಮದ್ದೂರಿನವರು ವೈದ್ಯನಾಥಪುರದ ಕಡೆ ಶಿಂಷಾ ದಡಕ್ಕೆ ಹೋಗಬಹುದು, ಮಳವಳ್ಳಿಯವರಿಗೆ ಕೆರೆ ಏರಿ. ಹೊಲದಲ್ಲಿ ಕಳೆ ಕೀಳುವುದು, ಹುಲ್ಲು ಹೊರುವುದು ಎಲ್ಲ ಲೆಕ್ಕಕ್ಕೆ ಬರುತ್ತದೆ. ದಿನವಿಡೀ ದುಡಿಯುವ ಹೆಂಗಸರಿಗೆ ‘ವಾಕಿಂಗ್ ಹೋಗಿ’ ಅಂತ ನಾನು ಹೇಳುವುದಿಲ್ಲ.

ಕಾಲಿನ ಬಲಕ್ಕೆ ಇನ್ನೊಂದು: ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂರಿ. ವಾರಕ್ಕೆ ಎರಡು ಮೂರು ದಿನ ಸಾಕು. ಮೊದಲ ದಿನ ಪಕ್ಕದಲ್ಲಿ ಒಬ್ಬರಿರಲಿ.

ಎಚ್ಚರ: ಕತ್ತಲಲ್ಲಿ ನಾಲೆ ಏರಿ ಮೇಲೆ ನಡೆಯಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಸರ್ವಿಸ್ ರೋಡು ನಡಿಗೆಗೆ ತಕ್ಕ ಜಾಗ ಅಲ್ಲ. ಎದೆನೋವು, ಉಸಿರುಕಟ್ಟು ಬಂದರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಹಂತ 9: ಬೀಡಿ, ಕಡ್ಡಿಪುಡಿ, ಕುಡಿತ ಬಿಡಲು ಒಂದು ದಿನ ಗೊತ್ತುಮಾಡಿ

ಆ ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಬರೆದು ಮನೆಯವರಿಗೆ ಹೇಳಿ. ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದುಬಿಡಿ. ಅಜ್ಜಿಯಂದಿರ ಕಡ್ಡಿಪುಡಿ ಡಬ್ಬಿಯೂ ಇದರಲ್ಲಿ ಸೇರಿತು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ. ಒಂದು ಸಲ ಸೋತರೆ ಇನ್ನೊಂದು ದಿನಾಂಕ ಹಾಕಿ.

ಎಚ್ಚರ: ವರ್ಷಗಟ್ಟಲೆ ದಿನಾ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ಸಲಹೆ ಪಡೆದೇ ನಿಲ್ಲಿಸಿ.

ಹಂತ 10: ತಲೆಯನ್ನು ಪೆಟ್ಟಿನಿಂದ ಕಾಪಾಡಿ

ಬೈಕಿನಲ್ಲಿ ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್, ಪಟ್ಟಿ ಹಾಕಿಕೊಂಡು. ‘ಇಲ್ಲೇ ಪಕ್ಕದೂರಿಗೆ’ ಅನ್ನುವಾಗಲೂ. ಬಚ್ಚಲಲ್ಲಿ ಪಾಚಿ ಉಜ್ಜಿ, ರಬ್ಬರ್ ಮ್ಯಾಟ್ ಹಾಕಿ, ರಾತ್ರಿ ಸಣ್ಣ ಬಲ್ಬು ಉರಿಯಲಿ. ಅಡುಗೆಮನೆಯ ಹೊಗೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಲೆಪೆಟ್ಟಿನಂತೆ ಹೊಗೆ ತುಂಬಿದ ಗಾಳಿಯೂ ಲ್ಯಾನ್ಸೆಟ್ ಪಟ್ಟಿಯಲ್ಲಿದೆ. ಸೌದೆ ಒಲೆ ಹೊರಗಿರಲಿ, ಕಬ್ಬಿನ ತರಗಿಗೆ ಬೆಂಕಿ ಇಡುವ ಬದಲು ಸಾಲಿನಲ್ಲೇ ಮುಚ್ಚಿಗೆ ಹಾಕಿ.

ಹಂತ 11: ವಾರಕ್ಕೆರಡು ದಿನ ಜನರ ನಡುವೆ ಕೂರಿ, ಒಂದು ಹೊಸದನ್ನು ಕಲಿಯಿರಿ

ಸ್ತ್ರೀಶಕ್ತಿ ಸಂಘದ ಸಭೆ, ಭಜನೆ, ಅರಳಿಕಟ್ಟೆ, ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ, ಯಾವುದಾದರೂ ಸರಿ. 2023ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ದೂರದ ತಂಗಿಯ ಮನೆಗೆ ಹೋಗಿ ಬನ್ನಿ.

ಸುಡೊಕು ಗೊತ್ತಿಲ್ಲ ಅಂತ ಚಿಂತೆ ಬೇಡ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆಯ ನೀಲಗಾರರು ರಾತ್ರಿಯಿಡೀ ಹಾಡುವಷ್ಟು ಕಾವ್ಯವನ್ನು ಪುಸ್ತಕ ನೋಡದೆ ನೆನಪಿನಲ್ಲೇ ಇಟ್ಟವರು. ನಿಮ್ಮ ಮನೆಯ ಅಜ್ಜಿಗೆ ಸೋಬಾನೆ ಪದ ಬರುತ್ತದೆಯೇ? ಮೊಮ್ಮಗಳಿಗೆ ಕಲಿಸಲು ಹೇಳಿ. ಮೊಮ್ಮಗಳು ಅಜ್ಜಿಗೆ ಫೋನಿನಲ್ಲಿ ದುಡ್ಡು ಕಳಿಸುವುದನ್ನು ಕಲಿಸಲಿ. ಪಿನ್ ನಂಬರ್ ಯಾರಿಗೂ ಹೇಳಬಾರದು ಅನ್ನುವುದು ಮೊದಲ ಪಾಠ. ಅಟ್ಟದ ಮೇಲಿನ ಅಳಗುಳಿಮಣೆ ಇಳಿಸಿ, ಚೌಕಾಬಾರ ಆಡಿ.

ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಒಂದು ವಿಷಯ ಪ್ರಕಟಿಸಿದರು. ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬಾರದವರಲ್ಲೂ. ಅರವತ್ತರಲ್ಲಿ ಹೊಸ ಭಾಷೆ ಕಲಿತರೂ ಅಷ್ಟೇ ಲಾಭ ಅಂತ ಆ ಅಧ್ಯಯನ ಹೇಳುವುದಿಲ್ಲ. ಆದರೆ ಹೆಣ್ಣುಮಕ್ಕಳ ಓದು ಬಿಡಿಸಬೇಡಿ ಅನ್ನುವುದಕ್ಕೆ ಲ್ಯಾನ್ಸೆಟ್ ಪಟ್ಟಿಯಲ್ಲೇ ಆಧಾರವಿದೆ. ಚಿಕ್ಕಂದಿನ ಓದು ಮುಪ್ಪಿನ ಮೆದುಳನ್ನು ಕಾಯುತ್ತದೆ.

ಹಂತ 12: ಮಂಕು ಎರಡು ವಾರ ಬಿಡದಿದ್ದರೆ 14416ಕ್ಕೆ ಕರೆ ಮಾಡಿ

ಇದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಊಟ ಬೇಡ, ನಿದ್ದೆ ಇಲ್ಲ, ಯಾರೂ ಬೇಡ ಅನ್ನುವ ಸ್ಥಿತಿಯನ್ನು ಮುಪ್ಪು ಅಂತ ತಳ್ಳಿಹಾಕಬೇಡಿ. ಖಿನ್ನತೆಯೂ ಲ್ಯಾನ್ಸೆಟ್‌ನ ಆ 14 ಕಾರಣಗಳಲ್ಲಿ ಒಂದು, ಚಿಕಿತ್ಸೆ ಇದೆ. ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ಹಂತ 13: ಮರೆವು ದಿನದ ಕೆಲಸಕ್ಕೆ ಅಡ್ಡ ಬಂದರೆ ಡಾಕ್ಟರ್ ಹತ್ತಿರ ಹೋಗಿ

ಬೀಗದಕೈ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರಿಗೂ ಇದ್ದದ್ದೇ. ಐವತ್ತು ವರ್ಷದಿಂದ ಮಾಡಿದ ಅಡುಗೆಯ ಕ್ರಮ ತಪ್ಪುವುದು, ಹುಟ್ಟಿದೂರಲ್ಲಿ ದಾರಿ ತಪ್ಪುವುದು, ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಕೇಳುವುದು, ನೋಟು ಎಣಿಸಲು ಆಗದಿರುವುದು ಬೇರೆ. ಅಂಥದ್ದು ಕಂಡಾಗಲೆಲ್ಲ ದಿನಾಂಕದ ಜೊತೆ ನೋಟ್‌ಬುಕ್‌ಗೆ ಬರೆಯಿರಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಹೀಗಾಗಬಹುದು. ಅವನ್ನು ಸರಿಪಡಿಸಬಹುದು, ಅದಕ್ಕೇ ತಡಮಾಡಬಾರದು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಯೋಜನೆ ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ತೆರೆಯುವ ಕೆಲಸ ಮಾಡುತ್ತಿದೆ. ನೀವು ಮೊದಲು ಮಿಮ್ಸ್‌ಗೆ ಹೋಗಿ ವಿಚಾರಿಸಿ. ಬೇಕಿದ್ದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ಹೊರಡುವಾಗ ರೋಗಿಯ ಜೊತೆ ಸದಾ ಇರುವವರೇ ಹೋಗಿ, ದೂರದೂರಿಂದ ಬಂದ ಮಗನೊಬ್ಬನೇ ಸಾಲದು. ನೋಟ್‌ಬುಕ್, ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಹಳೆಯ ಚೀಟಿಗಳು, ರೇಷನ್ ಕಾರ್ಡು, ಕನ್ನಡಕ, ಕಿವಿಯ ಮೆಷಿನ್ ಎಲ್ಲವನ್ನೂ ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿಡಿ. ಪರೀಕ್ಷೆ ಮಾಡುವಾಗ ಡಾಕ್ಟರ್ ಪ್ರಶ್ನೆ ಕೇಳಿದರೆ ನೀವು ಮುಂದೆ ಬಿದ್ದು ಉತ್ತರ ಹೇಳಬೇಡಿ, ಅವರೇ ಹೇಳಲಿ.